ಪ್ರಾರ್ಥನೆಗೆ ಕೊಟ್ಟ ಹೆಸರು

ಕಿಟಕಿಗಳನ್ನು ಎತ್ತಿ ಕೋಲು ಕೊಡುವ ಕೆಲಸ ಯೂನಿಸ್ ಬ್ಯಾಸ್ಕಮ್‌ಳದ್ದಲ್ಲ. ಆದರೂ ಈ ಭಾನುವಾರ ಎಂಟೂವರೆಗೇ ಚರ್ಚಿಗೆ ಬಂದು ಒಂದೊಂದೇ ಕಿಟಕಿ ಎತ್ತಿ ಅದರಡಿ ಮರದ ಕೋಲು ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಕೂತಿರಲು ಆಗಿರಲಿಲ್ಲ. ಐದು ಗಂಟೆಗೆ ಎದ್ದು ಎರಡು ಸಲ ಕಾಫಿ ಮಾಡಿ ಎರಡು ಸಲವೂ ಚೆಲ್ಲಿದ್ದಳು. ಆರನೆಯ ಕಿಟಕಿ ಎಂದಿನಂತೆ ಮೇಲೇಳಲಿಲ್ಲ. ಇದನ್ನು ಎತ್ತಲು ಗೊತ್ತಿದ್ದವನು ಮೆರ್ಟನ್ ಹೇಜನ್ ಒಬ್ಬನೇ, ಚೌಕಟ್ಟಿನ ಎಡಮೂಲೆಗೆ ಅಂಗೈಯಿಂದ ಒಂದು ಗುದ್ದು ಕೊಡುತ್ತಿದ್ದ, ಅದು ಮಾತು ಕೇಳಿದಂತೆ ಏಳುತ್ತಿತ್ತು. ಅವಳೂ ಗುದ್ದಿ ನೋಡಿದಳು, ಕೈ ನೋವಾಯಿತು ಅಷ್ಟೆ. ಮೆರ್ಟನ್‌ನ ಪತ್ರ ಅವಳ ಕೈಚೀಲದಲ್ಲಿತ್ತು. ನಾಲ್ಕೇ ಸಾಲು. ಐವತ್ತೆಂಟು ವರ್ಷದಿಂದ ಈ ಸಭೆಯ ಸದಸ್ಯನಾಗಿರುವ ತನ್ನನ್ನು ಬಿಡುಗಡೆ ಮಾಡಬೇಕೆಂದು ಕೇಳಿದ್ದ. ಯಾವ ಚರ್ಚಿಗೆ ಹೋಗುತ್ತೀರಿ ಎಂದು ತಿಳಿಸಬೇಕಾದ ಕಡೆ ಏನನ್ನೂ ಬರೆದಿರಲಿಲ್ಲ. ಇಲ್ಲಿ ಸೇರುವುದಕ್ಕೂ ಸಭೆಯ ಕೈ ಏಳಬೇಕು, ಬಿಡುವುದಕ್ಕೂ ಏಳಬೇಕು. ನಮ್ಮ ಮೇಲೆ ಬಿಷಪ್ಪೂ ಇಲ್ಲ, ಗಿಷಪ್ಪೂ ಇಲ್ಲ, ಎಲ್ಲ ನಾವು ನಾವೇ ಎಂದು ಅವಳ ಅಜ್ಜ ಎದೆ ಉಬ್ಬಿಸಿ ಹೇಳುತ್ತಿದ್ದ. ಆ ನಾವು ನಾವೇ ಎಂಬುದರ ಬಿಸಿ ಅವಳಿಗೆ ಈ ಮೂರು ವಾರದಲ್ಲಿ ತಟ್ಟಿತ್ತು. ಪತ್ರವನ್ನು ಸಭೆಯ ಮುಂದೆ ಓದಬೇಕಾದವಳು ಕಾರ್ಯದರ್ಶಿ, ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ ಅವಳೇ. ಅದೂ ಸಾಲದೆಂಬಂತೆ ಇವತ್ತಿನ ಆರಾಧನೆ ನಡೆಸುವ ಸರದಿಯೂ ಅವಳದೇ. ಪಾದ್ರಿಯವರು ಜುಲೈ ಪೂರ್ತಿ ಸರೋವರದ ಕಡೆ ರಜೆಗೆ ಹೋಗುತ್ತಾರೆ, ಆಗ ಸದಸ್ಯರೇ ಒಬ್ಬೊಬ್ಬರಾಗಿ ಭಾನುವಾರಗಳನ್ನು ಹಂಚಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಆ ಪಟ್ಟಿಯಲ್ಲಿ ಹೆಸರು ಬರೆಯುವಾಗ ಜುಲೈ ಇಪ್ಪತ್ತು ಎಂಬ ದಿನ ಅವಳಿಗೆ ಒಳ್ಳೆಯ ದಿನವಾಗಿಯೇ ಕಂಡಿತ್ತು.

ಚರ್ಚಿನ ಅಡುಗೆಮನೆಯ ಹಿಂಬಾಗಿಲು ತೆರೆದು ಗಾಳಿಗೆ ಬಿಟ್ಟಳು. ಮೆಟ್ಟಿಲು ಕಣ್ಣಿಗೆ ಬೀಳದ ಹಾಗೆ ಬೇಗ ತಿರುಗಿಕೊಂಡಳು, ಆದರೂ ಬಿತ್ತು. ಆ ಮೆಟ್ಟಿಲ ಮೇಲೆ, ಮೂರು ವಾರದ ಹಿಂದೆ, ಚರ್ಚಿನ ಸ್ಟ್ರಾಬೆರಿ ಊಟದ ಶನಿವಾರ, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಹಣ್ಣಿನ ತೊಟ್ಟು ತೆಗೆಯುತ್ತ ಕೂತಿದ್ದಳು. ಒಳಗೆ ಬೆರಿಲ್ ಮತ್ತು ಉಳಿದ ಹೆಂಗಸರು ಬಿಸ್ಕತ್ತು ಬೇಯಿಸುತ್ತ, ಕೆನೆ ಕಡೆಯುತ್ತ, ಯಾರ ಬಿಸ್ಕತ್ತು ಯಾವ ವರ್ಷ ಕಲ್ಲಾಗಿತ್ತು ಎಂದು ನಗುತ್ತಿದ್ದರು. ಮೆರ್ಟನ್ ತನ್ನ ತೋಟದ ಕೊನೆಯ ಬುಟ್ಟಿ ತಂದು ಇಳಿಸಿದವನು ಹೋಗಲಿಲ್ಲ. ಅವಳ ಪಕ್ಕದಲ್ಲಿ ಕೂತು, ಚಮಚದ ತುದಿಯಿಂದ ತಾನೂ ತೊಟ್ಟು ತೆಗೆಯತೊಡಗಿದ. ಇಬ್ಬರೂ ಒಂದೇ ಕೋಣೆಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಮಾತಿಲ್ಲದಿದ್ದರೆ ಮಾತಿಲ್ಲ ಎಂದು ಅವರಿಗೆ ಅನ್ನಿಸುವುದಿಲ್ಲ. ಸುಮಾರು ಹೊತ್ತಾದ ಮೇಲೆ, ತಲೆ ಎತ್ತದೆ, ಈಸ್ಟರ್ ಆದ್ಮೇಲೆ ನಾನು ಡಾರ್ಕಸ್‌ನ ನೋಡೋಕೆ ಹೋಗೇ ಇಲ್ಲ ಯೂನಿಸ್, ಎಂದ.

ಡಾರ್ಕಸ್ ಅವನ ಹೆಂಡತಿ, ಎರಡು ವರ್ಷದಿಂದ ನದಿಯಾಚೆ ಊರಿನ ಆರೈಕೆ ಮನೆಯಲ್ಲಿದ್ದಾಳೆ, ನೆನಪು ಒಂದೊಂದಾಗಿ ಕಳಚಿಕೊಂಡು ಹೋಗುತ್ತಿದೆ. ಪ್ರತಿ ಭಾನುವಾರ ಪ್ರಾರ್ಥನೆಗೆ ಮುಂಚೆ, ಸಂತೋಷವಿದ್ದವರು, ಸಂಕಟವಿದ್ದವರು ಕೂತಲ್ಲಿಂದ ಎದ್ದು ಹೇಳಿಕೊಳ್ಳುವ ಹೊತ್ತಿನಲ್ಲಿ, ಮೆರ್ಟನ್ ಎದ್ದು, ಡಾರ್ಕಸ್ ಹಾಗೇ ಇದಾಳೆ, ನಿಮ್ಮನ್ನೆಲ್ಲ ಕೇಳಿದ್ಲು, ಎಂದು ಹೇಳಿ ಕೂರುತ್ತಿದ್ದ. ಆರಾಧನೆ ಮುಗಿದ ಮೇಲೆ ಅವನ ಹಳೆಯ ಪಿಕಪ್ ನದಿಯ ಕಡೆ ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು. ಸೇತುವೆಯವರೆಗೆ ಹೋಗ್ತೀನಿ ಅಷ್ಟೆ, ಎಂದ ಮೆಟ್ಟಿಲ ಮೇಲೆ. ಅಲ್ಲಿ ಗಾಡಿ ನಿಲ್ಲಿಸಿ ಒಂದು ಗಂಟೆ ಕೂತು ವಾಪಸು ಬರುತ್ತೇನೆ ಎಂದ. ಈಸ್ಟರ್ ದಿನ ಅವಳು ತನ್ನನ್ನು ನೋಡಿದ್ದು ಮನೆಗೆ ಕೊಳಾಯಿ ರಿಪೇರಿಗೆ ಬಂದವನನ್ನು ನೋಡಿದ ಹಾಗಿತ್ತಂತೆ. ಇನ್ನೊಂದು ಸಲ ಹೋದರೆ ನೀನು ಯಾರು ಎಂದು ಕೇಳಿಯೇ ಬಿಡುತ್ತಾಳೆ, ಅದನ್ನು ಅವಳ ಬಾಯಿಂದ ಕೇಳಲಾರೆ, ಒಂದಲ್ಲ ಒಂದು ದಿನ ಧೈರ್ಯ ಬರುತ್ತದೆ, ಆಗ ಒಬ್ಬನೇ ಹೋಗುತ್ತೇನೆ, ಅಲ್ಲಿವರೆಗೆ ಯಾರಿಗೂ ಹೇಳಬೇಡ, ಎಂದ. ಅವಳು ಹೇಳುವುದಿಲ್ಲ ಎಂದಳು. ಮೂವತ್ತೊಂದು ವರ್ಷ ಊರಿನ ಅಂಚೆ ಕಚೇರಿ ನಡೆಸಿದವಳು, ಯಾರ ಮನೆಗೆ ಕೋರ್ಟಿನ ಲಕೋಟೆ ಬಂತು, ಯಾರ ಮಗಳ ಕಾಗದ ಬರುವುದು ನಿಂತಿತು, ಒಂದನ್ನೂ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಅವನಿಗೂ ಅದು ಗೊತ್ತಿತ್ತು. ಏಳುವಾಗ ಅವನು ಅವಳ ಅಪ್ರನ್ನಿನ ಅಂಚು ಹಿಡಿದು ಕೈ ಒರೆಸಿಕೊಂಡ. ಗಮನವಿಟ್ಟು ಮಾಡಿದ್ದಲ್ಲ, ಮನೆಯಲ್ಲಿ ನಲವತ್ತು ವರ್ಷ ಹೆಂಡತಿಯ ಅಪ್ರನ್ನಿಗೆ ಒರೆಸಿದ ಕೈ ಅದು, ಹತ್ತಿರ ಸಿಕ್ಕಿದ ಬಟ್ಟೆಗೆ ಒರೆಸಿತು. ಆಗ ಯೂನಿಸ್‌ಗೆ ಖುಷಿಯಾಯಿತು. ಇದನ್ನು ಅವಳು ಈಗ ತನ್ನಿಂದಲೇ ಮುಚ್ಚಿಡಲು ಹೋಗುವುದಿಲ್ಲ. ಅವನು ಡಾರ್ಕಸಳ ಹತ್ತಿರ ಹೋಗುತ್ತಿಲ್ಲ ಎಂದು ಖುಷಿಯಾಯಿತು. ಅರವತ್ತಾರು ವರ್ಷದ ಮದುವೆಯಾಗದ ಹೆಂಗಸಿಗೆ, ನೆನಪು ಕಳೆದುಕೊಂಡು ಮಲಗಿದ ಗೆಳತಿಯ ಗಂಡ ಅವಳನ್ನು ನೋಡಲು ಹೋಗದೆ ತನ್ನ ಪಕ್ಕ ಕೂತಿದ್ದಾನೆಂದು ಖುಷಿಯಾಯಿತು, ಹಣ್ಣಿನ ಪಾತ್ರೆ ಮಡಿಲಲ್ಲಿ ಹಗುರವಾಯಿತು.

ಮೊದಲ ಕಾರು ಬಂದ ಸದ್ದಾಯಿತು. ವಾಲೇಸ್, ಸಭೆಗಳ ಅಧ್ಯಕ್ಷ, ಮೊದಲ ಕೊಯ್ಲಿನ ಹುಲ್ಲು ಮಳೆಗೆ ಮುಂಚೆ ಒಳಗೆ ಬಂತು ಎಂಬ ಸಮಾಧಾನದ ಮುಖದಲ್ಲಿ ಬಂದು, ಒಳ್ಳೇ ಸೆಕೆ ಅಲ್ವಾ ಎಂದ. ಅವಳೂ ಹೌದೆಂದಳು. ಆರನೆಯ ಕಿಟಕಿ ನೋಡಿ ಅವನು ಏನೋ ಹೇಳಲು ಹೊರಟು ಹೇಳಲಿಲ್ಲ. ಈಗ ಎಲ್ಲರೂ ಅವಳ ಹತ್ತಿರ ಹೀಗೆಯೇ. ಏನೋ ಹೇಳಲು ಹೊರಟು ಸೆಕೆಯ ಬಗ್ಗೆ ಹೇಳುತ್ತಾರೆ. ಬೆರಿಲ್ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಬಂದವಳು ಅವಳ ತೋಳು ಹಿಸುಕಿ ಹೋದಳು. ಆ ಹಿಸುಕಿನಲ್ಲಿ ಬೈಗುಳ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಈ ಜನ ಬಯ್ಯುವುದಿಲ್ಲ. ಇವರ ಅಜ್ಜಂದಿರು ತಪ್ಪು ಮಾಡಿದವರನ್ನು ಎದ್ದು ನಿಲ್ಲಿಸಿ ಹೆಸರು ಕೂಗಿ ಬಯ್ಯುತ್ತಿದ್ದರು, ಹಳೆಯ ದಫ್ತರದಲ್ಲಿ ಅವಳೇ ಓದಿದ್ದಾಳೆ, ದುಡಿಯಬಾರದ ಸಬ್ಬತ್ತಿನ ದಿನ ಹುಲ್ಲು ಒಟ್ಟಿದವನು, ನೆರೆಯವಳ ಮೇಲೆ ಚಾಡಿ ಹೇಳಿದವಳು. ಚಾಡಿ ಹೇಳಿದವಳು ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ಆಮೇಲೆ ಎಲ್ಲರ ಕೈಯೆತ್ತುವಿಕೆಯಿಂದ ಮುಂದೆ ಬಂದಿದ್ದಳು. ಆ ಹೆಂಗಸಿನ ಮೇಲೆ ಯೂನಿಸ್‌ಗೆ ಹೊಟ್ಟೆಕಿಚ್ಚಾಯಿತು.

ಹತ್ತು ಹೊಡೆಯುವ ಹೊತ್ತಿಗೆ ಅವಳೂ ಸೇರಿ ಇಪ್ಪತ್ತೆರಡು ಜನ ಆಗಿದ್ದರು. ಮೆರ್ಟನ್ ಮತ್ತು ಡಾರ್ಕಸರ ಜಾಗ, ಹಿಂದಿನಿಂದ ಮೂರನೆಯದು, ಕಿಟಕಿ ಪಕ್ಕ, ಅಲ್ಲಿ ಡಾರ್ಕಸ್ ಹೊಲಿದ ಹಸಿರು ದಿಂಬು ಇನ್ನೂ ಇತ್ತು. ಬೇಸಿಗೆಗೆ ಊರಿಗೆ ಬರುವ ಪಟ್ಟಣದ ಗಂಡ ಹೆಂಡತಿ ಅದರ ಮೇಲೆಯೇ ಕೂತು ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಯಾರೂ ಅವರಿಗೆ ಹೇಳಲಿಲ್ಲ. ಅವರಿಗೇನು ಗೊತ್ತು. ಯೂನಿಸ್ ಮೊದಲ ಕೀರ್ತನೆಯ ಸಂಖ್ಯೆ ಹೇಳಿದಳು, ಧ್ವನಿ ಹೊರಟಿತು, ಹೊರಟಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹಾಡುವಾಗ ಆ ದಿಂಬನ್ನೇ ನೋಡುತ್ತಿದ್ದಳು. ಸ್ಟ್ರಾಬೆರಿ ಊಟದ ಮಾರನೆಯ ದಿನ ಮೆರ್ಟನ್ ಅಲ್ಲಿಂದಲೇ ಎದ್ದ, ಡಾರ್ಕಸ್ ಹಾಗೇ ಇದಾಳೆ, ನಿಮ್ಮನ್ನೆಲ್ಲ ಕೇಳಿದ್ಲು, ಎಂದು ಎಂದಿನಂತೆ ಹೇಳಿ ಕೂತ. ಕೂರುವಾಗ ಒಂದು ಕ್ಷಣ ಅವಳ ಕಡೆ ನೋಡಿದ. ನಿನಗೊಬ್ಬಳಿಗೆ ಗೊತ್ತು, ಎಂಬ ನೋಟ. ಅವಳಿಗೆ ಭಯವಾಯಿತು. ಆ ಸುಳ್ಳಿನೊಳಗೆ ತಾನೂ ಅವನ ಜೊತೆ ಕೂತಿದ್ದೇನೆ, ಇಲ್ಲಿ ಬೆಚ್ಚಗಿದೆ, ಇಲ್ಲಿಂದ ಏಳಲು ತನಗೆ ಇಷ್ಟವಿಲ್ಲ ಎಂದು ಗೊತ್ತಾಗಿ ಭಯವಾಯಿತು, ಹಾಗೆ ಭಯವಾದದ್ದೇ ಎದ್ದು ನಿಂತಿದ್ದಳು. ಮೆರ್ಟನ್‌ಗೋಸ್ಕರ ಪ್ರಾರ್ಥನೆ ಮಾಡೋಣ, ಎಂದಳು. ಈಸ್ಟರ್‌ನಿಂದ ಡಾರ್ಕಸ್‌ನ ನೋಡೋಕೆ ಹೋಗೋ ಧೈರ್ಯ ಅವನಿಗೆ ಬಂದಿಲ್ಲ, ದೇವರು ಆ ಧೈರ್ಯ ಕೊಡ್ಲಿ. ಬೀಸಣಿಗೆಗಳೆಲ್ಲ ನಿಂತವು. ಅವನು ಆಗಷ್ಟೇ ಹೇಳಿ ಕೂತ ಮಾತು ಇನ್ನೂ ಅವರ ಕಿವಿಯಲ್ಲಿತ್ತು. ರಜೆಗೆ ಹೊರಡುವ ಮುಂಚಿನ ಕೊನೆಯ ಭಾನುವಾರವಾದ್ದರಿಂದ ಪಾದ್ರಿಯವರು ಇನ್ನೂ ಇದ್ದರು. ಅವರು ಮೃದುವಾಗಿ, ದೇವರೇ ನಿನ್ನ ಕರುಣೆಯಲ್ಲಿ, ಎಂದರು. ನಮ್ಮ ಪ್ರಾರ್ಥನೆಯನ್ನು ಕೇಳು, ಎಂದಿತು ಸಭೆ ಒಂದೇ ಸ್ವರದಲ್ಲಿ. ಮೆರ್ಟನ್ ಎದ್ದು ಹೋಗಲಿಲ್ಲ. ಕೊನೆಯ ಕೀರ್ತನೆಯ ನಾಲ್ಕು ಚರಣವನ್ನೂ ಪುಸ್ತಕ ಹಿಡಿದು ಹಾಡಿದ.

ಅವತ್ತು ಕಾಫಿಯ ಹೊತ್ತಿಗೇ ಬೆರಿಲ್ ಒಂದು ಹಾಳೆ ಅಡುಗೆಮನೆಯ ಗೋಡೆಗೆ ಅಂಟಿಸಿ ಆಗಿತ್ತು. ಈ ಚರ್ಚಿನಲ್ಲಿ ಯಾರಿಗೆ ಏನಾದರೂ ಹಾಳೆಯೊಂದು ಗೋಡೆ ಹತ್ತುತ್ತದೆ. ಕಾಲು ಮುರಿದವರಿಗೆ ಊಟ ಒಯ್ಯಲು, ಹೆತ್ತವಳ ಮನೆಯ ಬಟ್ಟೆ ಒಗೆಯಲು. ಮೇಲೆ ಮೆರ್ಟನ್ ಎಂದು ಬರೆದು, ಕೆಳಗೆ ವಾರದ ದಿನಗಳು, ಪಕ್ಕದಲ್ಲಿ ಅವನನ್ನು ಡಾರ್ಕಸಳ ಹತ್ತಿರ ಕರೆದುಕೊಂಡು ಹೋಗುವವರ ಹೆಸರು, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಮಂಗಳವಾರ ಬೆರಿಲ್. ಗುರುವಾರ ಖಾಲಿಯಿತ್ತು. ನೀನೇ ಅಲ್ವಾ ಹೇಳಿದ್ದು, ಗುರುವಾರ ನೀನು ಹಾಕ್ಕೊ, ಎಂದು ಬೆರಿಲ್ ಪೆನ್ಸಿಲ್ಲನ್ನು ಅವಳ ಕೈಗೆ ಕೊಟ್ಟಳು. ಕಾಫಿ ಲೋಟ ಹಿಡಿದವರೆಲ್ಲ ಪ್ರೀತಿಯಿಂದ ನೋಡುತ್ತಿದ್ದರು, ಅವಳು ಬರೆದಳು.

ಗುರುವಾರ ಹೋದಾಗ ಮೆರ್ಟನ್ ಕೊಟ್ಟಿಗೆಯ ಮುಂದೆ ಹುಲ್ಲು ಎಳೆಯುವ ಕುಂಟೆಯ ಹಲ್ಲು ಬದಲಾಯಿಸುತ್ತ ಕೂತಿದ್ದ. ಅವಳು ಕಾರಿನಿಂದ ಇಳಿದು, ಹೊರಡೋಣವಾ, ಎಂದಳು. ಅಂಥ ಮಾತು ಬಾಯಿಂದ ಹೇಗೆ ಬಂತೋ. ಅವನು ಕೆಲಸ ನಿಲ್ಲಿಸಲಿಲ್ಲ.

"ಮಂಗಳವಾರ ಹೋಗಿದ್ದೆ. ಬೆರಿಲ್ ಕರ್ಕೊಂಡ್ ಹೋದ್ಲು."

"ಹೇಗಿದ್ಲು?"

"ಬೆರಿಲ್‌ನ ಕೇಳು, ಅವಳೂ ಪಕ್ಕದಲ್ಲೇ ನಿಂತಿದ್ಲು. ಡಾರ್ಕಸ್ ಅವಳ ಕೈ ಹಿಡ್ಕೊಂಡು, ಈ ಗಂಡಸು ಯಾರಮ್ಮ, ಇವನನ್ನ ಯಾಕೆ ಕರ್ಕೊಂಡ್ ಬಂದೆ ಅಂದ್ಲು. ಬೆರಿಲ್ ಅತ್ತಳು. ದಾರಿಯುದ್ದಕ್ಕೂ ಅತ್ತಳು ಪಾಪ, ನಾನೇ ಅವಳಿಗೆ ಸಮಾಧಾನ ಮಾಡ್ಬೇಕಾಯ್ತು."

ಯೂನಿಸ್ ಕೆಳಗೆ ನೋಡಿದಳು. ಕುಂಟೆಯ ಹಳೆಯ ಹಲ್ಲುಗಳು ಅವಳ ಚಪ್ಪಲಿಯ ಹತ್ತಿರ ಸಾಲಾಗಿ ಬಿದ್ದಿದ್ದವು.

"ನಾನು ಅದನ್ನ ತಡ್ಕೊತಿದ್ದೆ ಯೂನಿಸ್. ಒಬ್ಬನೇ ಇದ್ದಿದ್ರೆ ತಡ್ಕೊತಿದ್ದೆ. ಹೊರಗೆ ಬಂದು ಗಾಡೀಲಿ ಕೂತು ಏನೋ ಮಾಡ್ಕೊತಿದ್ದೆ." ಅವನು ಸ್ಪ್ಯಾನರ್ ಕೆಳಗಿಟ್ಟ. "ಬೈಬೇಕು ಅಂತಿದ್ದೆ ನಿನ್ನ. ಈಗ ನೋಡಿದ್ರೆ ಏನೂ ಬರ್ತಿಲ್ಲ. ನೀನು ಯಾಕೆ ಹಾಗ್ ಮಾಡ್ದೆ ಅನ್ನೋದಾದ್ರೂ ಹೇಳು."

ಹೇಳಬಹುದಿತ್ತು. ಅಲ್ಲಿಯೇ, ಬಿಸಿಲಿನಲ್ಲಿ, ಇಬ್ಬರೇ ಇದ್ದಾಗ. ಒಂದೇ ವಾಕ್ಯ. ಆದರೆ ಅವಳು, ನಿನ್ನ ಒಳ್ಳೇದಕ್ಕೆ ಅಂದ್ಕೊಂಡೆ, ಎಂದಳು. ಅವನು ತಲೆಯಾಡಿಸಿದ, ಒಳಗೆ ಹೋಗಿ ಈ ಪತ್ರ ತಂದು ಕೊಟ್ಟ. ಅಂಚೆಗೆ ಹಾಕೋದ್ ಯಾಕೆ, ನೀನೇ ಬಂದಿದೀಯಲ್ಲ, ಎಂದ.

"ಸಂತೋಷ, ಸಂಕಟ ಏನಾದರೂ ಇದ್ದರೆ ಹೇಳಿಕೊಳ್ಳಬಹುದು," ಎಂದಳು ಯೂನಿಸ್, ಇವತ್ತು ಕೀರ್ತನೆ ಮುಗಿದ ಮೇಲೆ ಮುಂದೆ ನಿಂತು, ಆರಾಧನೆಯ ಹಾಳೆಯಲ್ಲಿ ಇದ್ದಂತೆ. ವಾಲೇಸ್ ಎದ್ದು ಹುಲ್ಲು ಒಳಗೆ ಬಂದದ್ದಕ್ಕೆ ವಂದನೆ ಹೇಳಿದ. ಇನ್ನೊಬ್ಬಳು ಮೊಮ್ಮಗಳು ಈಜು ಕಲಿತಳೆಂದಳು. ಅಷ್ಟೆ. ಮೂರು ವಾರದಿಂದ ಹೀಗೆಯೇ ಆಗುತ್ತಿದೆ, ಹುಲ್ಲು, ಮಳೆ, ಮೊಮ್ಮಕ್ಕಳು. ಯಾರೂ ಒಳಗಿನದನ್ನು ಹೊರಗೆ ಹಾಕುತ್ತಿಲ್ಲ. ಎರಡನೆಯ ಬೆಂಚಿನ ವಿಧವೆ ಕೈಯಲ್ಲಿ ಕರವಸ್ತ್ರ ಮುದ್ದೆ ಮಾಡಿಕೊಂಡಿದ್ದಾಳೆ, ಏನೋ ಇದೆ ಅವಳಿಗೆ, ಹೇಳುವುದಿಲ್ಲ. ಇನ್ನೂರು ವರ್ಷದಿಂದ ಈ ಬೆಂಚುಗಳಿಂದ ಜನ ಎದ್ದು ಹೇಳಿಕೊಂಡದ್ದು ತನ್ನಿಂದ ನಿಂತಿತು ಎಂದು ಯೂನಿಸ್‌ಗೆ ಅನ್ನಿಸಿತು. ಈಗ ಹೇಳದಿದ್ದರೆ ಇನ್ನು ಅರ್ಧ ಗಂಟೆಯಲ್ಲಿ ಪತ್ರ ಓದಿ ಮುಗಿಯುತ್ತದೆ, ಮೆರ್ಟನ್ ತಾನು ತಪ್ಪು ಮಾಡಿದವನೆಂದುಕೊಂಡೇ ಸಾಯುತ್ತಾನೆ, ಇವರೆಲ್ಲ ಅವನನ್ನು ಪಾಪ ಎನ್ನುತ್ತಾರೆ. ಇವರಿಗೆ ನಿಜ ಗೊತ್ತಾದರೆ ಪತ್ರವನ್ನು ಹಿಡಿದಿಡುತ್ತಾರೆ, ಯಾರಾದರೂ ಹೋಗಿ ಅವನಿಗೆ ಹೇಳುತ್ತಾರೆ. ಪಾಪ ಅವನದಲ್ಲ, ತನ್ನದು.

"ನನಗೂ ಒಂದು ಹೇಳೋದಿದೆ," ಎಂದಳು. "ಮೆರ್ಟನ್ ನನಗೆ ಗುಟ್ಟಾಗಿ ಹೇಳಿದ್ದನ್ನ ನಾನು ಇಲ್ಲಿ ಹೇಳ್ದೆ. ಅವನು ಹೇಳಿದಾಗ ನನಗೆ ಖುಷಿ ಆಯ್ತು. ಅವನು ಡಾರ್ಕಸ್ ಹತ್ರ ಹೋಗ್ತಿಲ್ಲ ಅಂತ ಖುಷಿ ಆಯ್ತು. ಆ ಖುಷೀನ ಮುಚ್ಚೋಕೆ ಎದ್ದು ಪ್ರಾರ್ಥನೆ ಕೇಳ್ದೆ. ಅದು ಅವನಿಗೋಸ್ಕರ ಅಲ್ಲ. ನಿಮಗೆ ಗೊತ್ತಿರ್ಲಿ."

ಒಂದು ಕಣಜ ಆರನೆಯ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ಅವಳು ಕಾದಳು. ಯಾರಾದರೂ ಎದ್ದು, ಥೂ, ಎನ್ನಲಿ. ಬೆರಿಲ್ ತಿರುಗಿ ನೋಡಲಿ, ಪಟ್ಟಣದವರು ಎದ್ದು ಹೋಗಲಿ. ವಾಲೇಸ್ ಕಣ್ಣು ಮುಚ್ಚಿ ತಲೆ ತಗ್ಗಿಸಿದ. ದೇವರೇ ನಿನ್ನ ಕರುಣೆಯಲ್ಲಿ, ಎಂದ. ನಮ್ಮ ಪ್ರಾರ್ಥನೆಯನ್ನು ಕೇಳು, ಎಂದಿತು ಸಭೆ. ಬಾಯಿಪಾಠದ ಆ ಆರು ಪದದೊಳಗೆ ಅವಳು ಹೇಳಿದ್ದೆಲ್ಲ ಮುಳುಗಿಹೋಯಿತು. ಅವರು ಅವಳಿಗೋಸ್ಕರ ಪ್ರಾರ್ಥಿಸಿದ್ದರು, ಹುಲ್ಲಿಗೆ ಪ್ರಾರ್ಥಿಸಿದಷ್ಟೇ ಮನಸ್ಸಿಟ್ಟು.

ಆರಾಧನೆ ಮುಗಿದ ಮೇಲೆ ಪಟ್ಟಣದವರು ಕಾರಿನ ಕಡೆ ಹೋದರು, ಸದಸ್ಯರು ಮುಂದಿನ ಬೆಂಚುಗಳಿಗೆ ಬಂದರು. ಇಪ್ಪತ್ತು ಜನ, ಅವಳೂ ಸೇರಿ. ಯೂನಿಸ್ ಪತ್ರ ಓದಿದಳು, ನಾಲ್ಕು ಸಾಲು ಓದುವುದರಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ವಾಲೇಸ್ ಕೇಳಿದ. ಈ ಪತ್ರವನ್ನು ಒಂದು ತಿಂಗಳು ಹಿಡಿದಿಡೋಣ, ನಾನೀಗ ಹೇಳಿದ್ದನ್ನು ಯಾರಾದರೂ ಮೆರ್ಟನ್‌ಗೆ ಹೋಗಿ ಹೇಳಿ, ಎಂದು ಯೂನಿಸ್ ಕೇಳಿಕೊಂಡಳು. ಕೇಳುವಾಗ ಸ್ವರ ಚಿಕ್ಕ ಹುಡುಗಿಯದಂತೆ ಕೀರಲಾಯಿತು. ಬೆರಿಲ್ ಎದ್ದು, ಹೊರಟೋನನ್ನ ಹಿಡಿದಿಟ್ಟು ಏನ್ ಮಾಡೋದು ಯೂನಿಸ್, ಪಾಪ, ಅವನಿಗೆ ಇನ್ನೂ ಮುಜುಗರ, ಪ್ರೀತಿಯಿಂದ ಕಳಿಸಿಕೊಡೋಣ, ಎಂದಳು. ಹಲವು ತಲೆಗಳು ಹೌದೆಂದು ಆಡಿದವು. ಬಿಡುಗಡೆಗೆ ಒಪ್ಪುವವರು ಕೈಯೆತ್ತಿ ಎಂದು ವಾಲೇಸ್ ಹೇಳಿದಾಗ ಹತ್ತೊಂಬತ್ತು ಕೈ ಎದ್ದವು, ತಡಮಾಡದೆ. ಒಪ್ಪದವರು ಎಂದಾಗ ಅವಳು ಒಬ್ಬಳೇ ಕೈ ಎತ್ತಿದಳು. ಇನ್ನೊಂದು ಕೈಯಲ್ಲಿ ದಫ್ತರ ಇತ್ತು. ವಾಲೇಸ್ ಅವಳನ್ನು ನೋಡಿ ಹತ್ತಿರ ಬಂದು, ಮಿಕ್ಕವರಿಗೆ ಕೇಳಿಸದಂತೆ ಎಂದು ಅವನು ಅಂದುಕೊಂಡ ಸ್ವರದಲ್ಲಿ ಹೇಳಿದ.

"ಅದನ್ನ ಬರ್ಕೊಬೇಡ. ಸರ್ವಾನುಮತ ಅಂತ ಹಾಕು. ಅದರ ನಕಲು ಅವನಿಗೂ ಹೋಗುತ್ತೆ. ಒಬ್ಬರು ಬೇಡ ಅಂದ್ರು ಅಂತ ನೋಡಿದ್ರೆ ನೊಂದ್ಕೋತಾನೆ."

ಬೇಡ ಅಂದಿದ್ದು ಅವನು ಉಳೀಲಿ ಅಂತ, ಎಂದು ಹೇಳಲು ಅವಳು ಬಾಯಿ ತೆರೆದಳು. ವಾಲೇಸನ ಮುಖದಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ, ಬೆವರು ಮಾತ್ರ ಇತ್ತು. ಅವಳು ಸರ್ವಾನುಮತ ಎಂದು ಬರೆದಳು. ಇಪ್ಪತ್ತೆರಡು ವರ್ಷದಲ್ಲಿ ದಫ್ತರದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು, ಅಕ್ಷರ ಎಂದಿನಂತೆ ದುಂಡಗೆ ಬಂತು. ಐವತ್ತೆಂಟು ವರ್ಷ ಒಂದು ನಿಮಿಷದಲ್ಲಿ ಮುಗಿಯಿತು. ಸಭೆ ಮುಗಿದಾಗ ಯಾರೋ ಆರನೆಯ ಕಿಟಕಿಗೆ ಎಣ್ಣೆ ಹಾಕಬೇಕು ಎಂದರು.

ಕಾಫಿಗೆ ನಿಲ್ಲದೆ ಹೋಗಬೇಕೆಂದು ಅವಳು ಹಿಂಬಾಗಿಲ ಕಡೆ ಹೊರಟಳು. ಗೋಡೆಯ ಹತ್ತಿರ ಬೆರಿಲ್ ಮತ್ತು ಇನ್ನಿಬ್ಬರು ಗುಂಪಾಗಿದ್ದವರು ಅವಳನ್ನು ನೋಡಿ ಸರಿದು ದಾರಿ ಮಾಡಿದರು. ಮೂವರ ಮುಖದಲ್ಲೂ ನಗು ಇತ್ತು, ಹೊಸ ಮಗು ನೋಡಲು ಬಂದವರ ನಗುವಿನ ಹಾಗೆ.

"ತಪ್ಪು ನಮ್ದೇ ಕಣೇ," ಎಂದಳು ಬೆರಿಲ್. ಕಣ್ಣು ಒದ್ದೆಯಾಗಿತ್ತು. "ನೀನು ಒಬ್ಬಳೇ ಇರ್ತೀಯ, ನಾವ್ಯಾರೂ ಬಂದು ನೋಡ್ಲೇ ಇಲ್ಲ. ಅಂಥದ್ದೆಲ್ಲ ತಲೆಗೆ ಬರೋದು ಒಬ್ಬರೇ ಇದ್ರೆ ತಾನೆ. ಇನ್ಮೇಲೆ ಹಾಗಾಗೋಲ್ಲ. ಮಂಗಳವಾರ ಹತ್ತಕ್ಕೆ ನಾನ್ ಬರ್ತೀನಿ, ಮನೇಲಿರು."

ಗೋಡೆಯ ಮೇಲೆ ಅದೇ ಹಾಳೆ ಇತ್ತು. ಹೊಸದು ಮಾಡಲು ಹೊತ್ತಿರಲಿಲ್ಲ, ಮೆರ್ಟನ್ ಎಂಬಲ್ಲಿ ಬಿಳಿ ಕಾಗದದ ಪಟ್ಟಿ ಅಂಟಿಸಿ ಯೂನಿಸ್ ಎಂದು ಬರೆದಿದ್ದರು. ಅಂಟು ಇನ್ನೂ ಒಣಗಿರಲಿಲ್ಲ, ಕೆಳಗಿನ ಹೆಸರು ಮಸುಕಾಗಿ ಕಾಣುತ್ತಿತ್ತು. ಸೋಮವಾರ ಒಬ್ಬಳು, ಮಂಗಳವಾರ ಬೆರಿಲ್, ಬುಧವಾರ ವಾಲೇಸನ ಹೆಂಡತಿ. ಗುರುವಾರದ ಮುಂದೆ ಯೂನಿಸ್ ಬ್ಯಾಸ್ಕಮ್ ಎಂದಿತ್ತು, ಅವಳದೇ ಕೈಬರಹದಲ್ಲಿ, ಮೂರು ವಾರದ ಹಿಂದಿನದು. ಯಾರೂ ನೋಡಿಕೊಂಡಿರಲಿಲ್ಲ. ಚೆನ್ನಾಗಿದೆ ಬೆರಿಲ್, ಎಂದಳು ಅವಳು, ಬೆರಿಲ್ ಅವಳನ್ನು ತಬ್ಬಿಕೊಂಡಳು. ಆ ತಬ್ಬುಗೆಯ ಮೇಲಿಂದ ಹಿಂಬಾಗಿಲ ಮೆಟ್ಟಿಲು ಕಾಣುತ್ತಿತ್ತು, ಅದರ ಮೇಲೆ ಬಿಸಿಲು ಬಿದ್ದಿತ್ತು. ಗುರುವಾರ ತನ್ನನ್ನು ನೋಡಲು ತಾನೇ ಹೋಗಬೇಕು, ಅದು ಅವಳಿಂದಾಗದು. ಕಾರು ತೆಗೆದುಕೊಂಡು ನದಿಯ ಸೇತುವೆಯವರೆಗೆ ಹೋಗಿ, ಅಲ್ಲಿ ಒಂದು ಗಂಟೆ ಕೂತು ವಾಪಸು ಬರಬಹುದು. ಭಾನುವಾರ ಯಾರಾದರೂ ಕೇಳಿದರೆ, ಹಾಗೇ ಇದಾಳೆ, ನಿಮ್ಮನ್ನೆಲ್ಲ ಕೇಳಿದ್ಲು, ಎಂದರಾಯಿತು.